ಕಾಳಿಂಗನ ಹೆಡೆಗಳ ಮೇಲೆ ಶ್ರೀಹರಿಯ ನರ್ತನ

ಪೂರ್ಣಾನಂದನಾದ ಭಗವಂತನಿಗೆ ನರ್ತನವೇಕೆ? ಲೋಕದಲ್ಲಿ ನರ್ತಕನು ಧನಕ್ಕಾಗಿಯೋ ಕೀರ್ತಿಗಾಗಿಯೋ ಕುಣಿಯುವುದನ್ನು ನಾವು ಕಾಣುತ್ತೇವೆ. ಶ್ರೀಹರಿಯಾದರೋ ಆಪ್ತಕಾಮನು. ಹೊಸದಾಗಿ ಪಡೆಯಬೇಕಾದುದು ಅವನಿಗೆ ಯಾವುದೂ ಇಲ್ಲ.

ಜಗತ್ಸೃಷ್ಟಿಯ ವಿಷಯದಲ್ಲಿಯೂ ಇದೇ ಶಂಕೆಯು ಬ್ರಹ್ಮಸೂತ್ರಗಳ ದ್ವಿತೀಯಾಧ್ಯಾಯದ ಪ್ರಥಮ ಪಾದದಲ್ಲಿ ವಿಚಾರಿಸಲ್ಪಟ್ಟಿದೆ. ಸೃಷ್ಟಿಯು ಕೇವಲ ಲೀಲೆಯೆಂಬುದೇ ಅಲ್ಲಿಯ ಸಮಾಧಾನ. ಈ ಸೂತ್ರದ ಭಾಷ್ಯದಲ್ಲಿ ಶ್ರೀಮದಾಚಾರ್ಯರು ಕೊಟ್ಟ ದೃಷ್ಟಾಂತವು ನೃತ್ಯಗಾನಗಳದ್ದೇ ಆಗಿರುವುದು ಗಮನಾರ್ಹ. ಮತ್ತನಾದವನು ಸುಖವು ಉಕ್ಕಿಬಂದುದರಿಂದಲೇ ಕುಣಿಯುತ್ತಾನೆ, ಹಾಡುತ್ತಾನೆ, ಫಲವನ್ನೆಣಿಸಿ ಅಲ್ಲ. ಪರಮಾತ್ಮನ ವ್ಯಾಪಾರವೂ ಅಂತೆಯೇ. ಆದರೆ ದೃಷ್ಟಾಂತವನ್ನು ಎಲ್ಲ ಅಂಶಗಳಲ್ಲಿಯೂ ಹೊಂದಿಸತಕ್ಕದ್ದಲ್ಲ. ಮತ್ತನಿಗೆ ಎಚ್ಚರವಿಲ್ಲ, ಶ್ರೀಹರಿಯು ಸರ್ವಜ್ಞನು. ಸ್ವಪ್ರಯೋಜನದ ಅಪೇಕ್ಷೆಯಿಲ್ಲವೆಂಬ ಅಂಶದಲ್ಲಿ ಮಾತ್ರ ಸಾಮ್ಯ.

ಈ ತತ್ತ್ವವನ್ನು ಮನಸ್ಸಿನಲ್ಲಿಟ್ಟು ಭಾಗವತದ ದಶಮಸ್ಕಂಧದ ಕಾಳಿಂಗಮರ್ದನ ಪ್ರಸಂಗವನ್ನು ನೋಡೋಣ. ಗರುಡನ ಭಯದಿಂದ ರಮಣಕ ದ್ವೀಪವನ್ನು ತೊರೆದ ಕಾಳಿಂಗನು ಯಮುನೆಯ ಮಡುವನ್ನು ಸೇರಿ ನೀರನ್ನು ವಿಷಮಯವಾಗಿಸಿದ್ದನು. ಬಾಲಕೃಷ್ಣನು ಕದಂಬವೃಕ್ಷವನ್ನೇರಿ ಆ ಮಡುವಿಗೆ ಧುಮುಕಿದನು. ನಾಗನ ಸುತ್ತುಗಳಿಂದ ಬಿಡಿಸಿಕೊಂಡು ಅವನ ಹೆಡೆಗಳನ್ನೇರಿ, ಸಕಲ ಕಲೆಗಳಿಗೂ ಆದಿಗುರುವಾದ ಸ್ವಾಮಿಯು ನರ್ತಿಸತೊಡಗಿದನು. ಗಂಧರ್ವರೂ ಸಿದ್ಧಚಾರಣರೂ ಮೃದಂಗಾದಿ ವಾದ್ಯಗಳೊಡನೆ ನೆರೆದರು. ಆ 101 ಹೆಡೆಗಳಲ್ಲಿ ಬಾಗದೆ ಉಳಿದ ಹೆಡೆ ಯಾವುದೋ ಅದನ್ನೇ ಪ್ರಭುವಿನ ಪಾದವು ತುಳಿಯಿತು.

ನಾಗಪತ್ನಿಯರು ಮಾಡಿದ ಸ್ತೋತ್ರದಲ್ಲಿ ಈ ನರ್ತನದ ಅರ್ಥವು ಪ್ರಕಟವಾಗುತ್ತದೆ. ಪತಿಯು ಬಳಲಿ ಕುಸಿದಿರುವಾಗಲೂ ಅವರು ಸ್ವಾಮಿಯನ್ನು ನಿಂದಿಸಲಿಲ್ಲ. ಈ ದಂಡನೆಯು ಅನುಗ್ರಹವೇ ಸರಿ. ಲಕ್ಷ್ಮೀದೇವಿಯೂ ಬಯಸುವ ಪಾದಧೂಳಿಯು ಇವನಿಗೆ ಯಾವ ಪುಣ್ಯದಿಂದ ದೊರೆಯಿತೋ ಎಂದು ಬೆರಗಾದರು. ಶ್ರೀಕೃಷ್ಣನು ಕಾಳಿಂಗನನ್ನು ಕೊಲ್ಲಲಿಲ್ಲ. ಪರಿವಾರಸಹಿತನಾಗಿ ರಮಣಕಕ್ಕೆ ಹಿಂದಿರುಗುವಂತೆ ಆಜ್ಞಾಪಿಸಿ, ತಲೆಯ ಮೇಲಿನ ಪಾದಚಿಹ್ನೆಯಿಂದಾಗಿ ಗರುಡನು ನಿನ್ನನ್ನು ಬಾಧಿಸಲಾರನೆಂದು ಅಭಯವಿತ್ತನು. ಅಹಂಕಾರವನ್ನು ತುಳಿದ ಹೆಜ್ಜೆಯೇ ಭಯವನ್ನು ಕಳೆಯುವ ಮುದ್ರೆಯಾಯಿತು. ಯಮುನೆಯೂ ನಿರ್ಮಲಳಾದಳು. ನರ್ತಿಸಿದವನಿಗೆ ಇದರಿಂದ ಲಾಭವೇನೂ ಇಲ್ಲ. ಲಾಭವೆಲ್ಲವೂ ಕಾಳಿಂಗನಿಗೆ, ವ್ರಜದವರಿಗೆ, ಗೋವುಗಳಿಗೆ.

ನಮ್ಮ ಮನೆಗಳಲ್ಲಿ ಮಕ್ಕಳು, "ದೇವರಿಗೆ ಹಸಿವಿಲ್ಲದಿದ್ದರೆ ನೈವೇದ್ಯವೇಕೆ?" ಎಂದು ಕೇಳುವುದುಂಟು. ಅವರನ್ನು ಗದರಿಸಿ ಸುಮ್ಮನಾಗಿಸುವುದು ಸಲ್ಲದು. ಅವನ ಕೊರತೆಯನ್ನು ತುಂಬಲು ನಾವು ಅರ್ಪಿಸುವುದಿಲ್ಲ. ಎಲ್ಲವೂ ಅವನದೆಂಬ ಅರಿವು ನಮ್ಮಲ್ಲಿ ನೆಲೆಗೊಳ್ಳಲೆಂದು ಅರ್ಪಿಸುತ್ತೇವೆ. ಹಾಗೆಯೇ ಕಷ್ಟ ಬಂದೊದಗಿದಾಗ, ಸ್ವಾಮಿಯು ತನ್ನ ಯಾವುದೋ ಪ್ರಯೋಜನಕ್ಕಾಗಿ ನಮ್ಮನ್ನು ನೋಯಿಸುತ್ತಿರುವನೆಂದು ಭಾವಿಸುವುದೂ ತಪ್ಪು. ಗೆಜ್ಜೆ ಕಟ್ಟಿ, ತಂಬೂರಿ ಹಿಡಿದು ಹರಿದಾಸರು ಕುಣಿದದ್ದು ಈ ನಿಶ್ಚಯದಿಂದಲೇ. ಅವನು ಕುಣಿಯುವುದು ಆನಂದದ ಪೂರ್ಣತೆಯಿಂದ. ದಾಸನು ಕುಣಿಯುವುದು ಆ ಪೂರ್ಣನಲ್ಲಿ ಹುಟ್ಟಿದ ಭಕ್ತಿಯಿಂದ. ಕಾಳಿಂಗಮರ್ದನನ ಅಲಂಕಾರವನ್ನು ದರ್ಶಿಸುವಾಗ, ನಮ್ಮಲ್ಲಿ ಇನ್ನೂ ಬಾಗದಿರುವ ಹೆಡೆ ಯಾವುದೆಂದು ಪ್ರತಿಯೊಬ್ಬರೂ ವಿಚಾರಿಸಿಕೊಳ್ಳುವುದು ಶ್ರೇಯಸ್ಕರ.

ಶ್ರೀಕೃಷ್ಣಾರ್ಪಣಮಸ್ತು.