ಗಣಕಯಂತ್ರಕ್ಕೆ ತಗಲುವ ರೋಗ

ಜೆರಾಕ್ಸ್ ಅಂಗಡಿಯಲ್ಲಿ ಪ್ರಾಜೆಕ್ಟಿನ ಪ್ರತಿ ತೆಗೆಸಿ ಮನೆಗೆ ಬಂದು ನೋಡಿದರೆ ಪೆನ್‌ಡ್ರೈವಿನಲ್ಲಿ ಫೈಲುಗಳೇ ಇಲ್ಲ. ಅವುಗಳ ಹೆಸರು ಹೊತ್ತ ಶಾರ್ಟ್‌ಕಟ್‌ಗಳು ಮಾತ್ರ. ಈ ಸಂಕಟ ನಮ್ಮಲ್ಲಿ ಹಲವರಿಗೆ ಗೊತ್ತು. ಇದು ವೈರಸ್ಸಿನ ಕೆಲಸ. ಇಂಥ ಕಾಟ ಹಿಂದೆ ಇನ್ನೂ ಹೆಚ್ಚಾಗಿತ್ತು. ಏಕೆಂದು ನೋಡೋಣ.

ಗಣಕಯಂತ್ರದ ಎಲ್ಲ ಕೆಲಸಗಳನ್ನೂ ನಡೆಸುವ ಮೂಲ ತಂತ್ರಾಂಶಕ್ಕೆ ಆಪರೇಟಿಂಗ್ ಸಿಸ್ಟಮ್ ಎನ್ನುತ್ತೇವೆ. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿ ಬಹಳ ಜನಪ್ರಿಯವಾಯಿತು. ಆದರೆ ಅದರಲ್ಲಿ ಮನೆಯ ಬಳಕೆದಾರನಿಗೆ ಸಾಮಾನ್ಯವಾಗಿ ಯಜಮಾನನ ಪೂರ್ಣಾಧಿಕಾರವೇ ಇರುತ್ತಿತ್ತು. ಅವನು ತೆರೆದ ವೈರಸ್ಸಿಗೂ ಅದೇ ಅಧಿಕಾರ ದೊರೆಯುತ್ತಿತ್ತು. ಸಿ.ಡಿ. ಹಾಕಿದಾಗ ಅದರೊಳಗಿನ ಪ್ರೋಗ್ರಾಮು ತಾನಾಗಿ ಆರಂಭವಾಗಲೆಂದು ಮಾಡಿದ್ದ 'ಆಟೋರನ್' ಸೌಲಭ್ಯವನ್ನು ಪೆನ್‌ಡ್ರೈವಿನ ವೈರಸ್ಸುಗಳು ಬಳಸಿಕೊಂಡವು. 2008ರ ಕೊನೆಯಲ್ಲಿ ಹರಡಿದ ಕಾನ್‌ಫಿಕರ್ ಎಂಬುದಂತೂ ಬಹಳ ಜಾಣ! ಪೆನ್‌ಡ್ರೈವ್ ಹಾಕಿದಾಗ ಮೂಡುವ ಪಟ್ಟಿಯಲ್ಲಿ ಫೋಲ್ಡರಿನ ಚಿತ್ರ ಧರಿಸಿ ಕುಳಿತಿರುತ್ತಿತ್ತು. ಫೋಲ್ಡರ್ ತೆರೆಯುತ್ತಿದ್ದೇವೆಂದು ಒತ್ತಿದವರು ಅದನ್ನೇ ಒಳಗೆ ಬಿಟ್ಟುಕೊಂಡರು.

2007ರ ವಿಸ್ಟಾದಿಂದೀಚೆಗೆ, ವ್ಯವಸ್ಥೆಯನ್ನೇ ಬದಲಿಸುವ ಕೆಲಸಕ್ಕೆ ಮೊದಲು ವಿಂಡೋಸ್ ನಮ್ಮ ಒಪ್ಪಿಗೆ ಕೇಳುತ್ತದೆ. (ಓದದೆಯೇ 'ಯೆಸ್' ಒತ್ತುವವರಿಗೆ ಇದರಿಂದೇನು ಲಾಭವೋ!) 2009ರ ವಿಂಡೋಸ್ 7ರಲ್ಲಿ ಪೆನ್‌ಡ್ರೈವಿಗೆ ಆಟೋರನ್ ಇಲ್ಲವಾಯಿತು. 2011ರ ಫೆಬ್ರವರಿಯಲ್ಲಿ ಹಳೆಯ ಎಕ್ಸ್‌ಪಿ, ವಿಸ್ಟಾಗಳಿಗೂ ಈ ತಿದ್ದುಪಡಿ ತಲುಪಿತು. ಮುಂದಿನ ತಿಂಗಳುಗಳಲ್ಲಿ ಈ ಬಗೆಯ ಸೋಂಕು ಬಹಳ ತಗ್ಗಿತೆಂದು ಮೈಕ್ರೋಸಾಫ್ಟ್ ತಿಳಿಸಿತು. 2012ರ ವಿಂಡೋಸ್ 8ರಲ್ಲಿ ವೈರಸ್ ನಿರೋಧಕವೂ ಜೊತೆಗೇ ಬಂತು.

ತಿದ್ದುಪಡಿ ಬಂದರೆ ಸಾಲದು, ಹಾಕಿಕೊಳ್ಳಲೂ ಬೇಕು. 2017ರ ಮೇ ತಿಂಗಳಲ್ಲಿ ವಾನ್ನಾಕ್ರೈ ಎಂಬುದು ಫೈಲುಗಳಿಗೆ ಬೀಗ ಜಡಿದು ಹಣ ಕೇಳಿತು; ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ ಚಿಕಿತ್ಸೆಗಳೇ ನಿಂತವು. ಅದು ನುಸುಳಿದ ಕಿಂಡಿಯನ್ನು ಮುಚ್ಚುವ ತಿದ್ದುಪಡಿ ಮಾರ್ಚ್‌ನಲ್ಲೇ ಬಂದಿತ್ತು. ವಿಂಡೋಸ್ 10ಕ್ಕೂ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ ಎಂಬುದನ್ನು ಹೆತ್ತವರು ಗಮನಿಸಬೇಕು.

ಇನ್ನು ಆ ಶಾರ್ಟ್‌ಕಟ್‌ಗಳು. ಅವನ್ನು ನಾವೇ ಒತ್ತಿ ತೆರೆದರೆ ಹೊಸ ವಿಂಡೋಸ್ ಕೂಡ ಪ್ರತಿಸಲವೂ ತಡೆಯಲಾರದು. ಸಾಮಾನ್ಯವಾಗಿ ಫೈಲುಗಳು ಅಳಿದಿರುವುದಿಲ್ಲ, ಅಡಗಿರುತ್ತವೆ. ಕೇರಳದ ಶಾಲೆಗಳಾದ್ದರಿಂದ ನಮ್ಮ ಪ್ರಯೋಗಾಲಯದಲ್ಲಿರುವುದು ಲಿನಕ್ಸ್. ವಿಂಡೋಸಿಗೆಂದು ಬರೆದ ವೈರಸ್ ಅಲ್ಲಿ ಸುಮ್ಮನೆ ಬಿದ್ದಿರುತ್ತದೆ, ಅಡಗಿಸಿದ ಫೈಲುಗಳೂ ಕಾಣುತ್ತವೆ. ಪೆನ್‌ಡ್ರೈವನ್ನು ಅಲ್ಲಿಗೆ ತಂದು, ನಮ್ಮ ಫೈಲುಗಳನ್ನಷ್ಟೇ ನಕಲು ಮಾಡಿಟ್ಟು, ಉಳಿದುದನ್ನೆಲ್ಲ ಅಳಿಸಿ ಮನೆಗೆ ಒಯ್ಯಬಹುದು.