ಅಧ್ಯಯನ ಪಾಠ: ಗಾಲಿಕುರ್ಚಿ ರಗ್ಬಿ ತೀರ್ಪುಗಾರರ ತರಬೇತಿ ಮತ್ತು ಅರ್ಹತೆ



ಮರದಿಂದ ಬಿದ್ದು ಅಥವಾ ರಸ್ತೆ ಅಪಘಾತದಲ್ಲಿ ಕುತ್ತಿಗೆಯ ಭಾಗದ ಬೆನ್ನುಹುರಿಗೆ ತೀವ್ರ ಪೆಟ್ಟಾದವರಲ್ಲಿ ಕಾಲುಗಳೊಂದಿಗೆ ಕೈಗಳ ಬಲವೂ ಕುಂದುತ್ತದೆ. ಇಂತಹವರಿಗೆ ಆಟೋಟ ಸಾಧ್ಯವಿಲ್ಲವೆಂದು ಭಾವಿಸುವುದು ವಾಡಿಕೆ. ಈ ಭಾವನೆಯನ್ನು ಸುಳ್ಳಾಗಿಸಿದ ಕ್ರೀಡೆಯೇ ಗಾಲಿಕುರ್ಚಿ ರಗ್ಬಿ. 1977ರಲ್ಲಿ ಕೆನಡಾದ ವಿನ್ನಿಪೆಗ್ ನಗರದಲ್ಲಿ ಆರಂಭವಾದ ಈ ಆಟವು 2000ದ ಸಿಡ್ನಿ ಪ್ಯಾರಾಲಿಂಪಿಕ್ಸ್‌ನಿಂದ ಪದಕದ ಕ್ರೀಡೆಯಾಗಿದೆ.

1. ಆಟದ ಸ್ವರೂಪ

ಬ್ಯಾಸ್ಕೆಟ್‌ಬಾಲ್ ಅಂಕಣದಷ್ಟೇ, ಅಂದರೆ 28 ಮೀಟರ್ ಉದ್ದ ಹಾಗೂ 15 ಮೀಟರ್ ಅಗಲದ ಅಂಕಣದಲ್ಲಿ ತಂಡವೊಂದರಿಂದ ನಾಲ್ವರು ಆಡುತ್ತಾರೆ. ಆಟವು ತಲಾ 8 ನಿಮಿಷಗಳ ನಾಲ್ಕು ಅವಧಿಗಳಲ್ಲಿ ನಡೆಯುತ್ತದೆ. ಪ್ರತಿ ಆಟಗಾರರ ದೈಹಿಕ ಸಾಮರ್ಥ್ಯವನ್ನು ಪರೀಕ್ಷಿಸಿ 0.5ರಿಂದ 3.5ರವರೆಗೆ ವರ್ಗಾಂಕ ನೀಡಲಾಗುತ್ತದೆ; ಸಾಮರ್ಥ್ಯ ಕಡಿಮೆಯಿದ್ದಷ್ಟೂ ವರ್ಗಾಂಕ ಕಡಿಮೆ. ಅಂಕಣದಲ್ಲಿರುವ ನಾಲ್ವರ ಮೊತ್ತ 8ನ್ನು ಮೀರುವಂತಿಲ್ಲ. ಮಹಿಳೆಯೊಬ್ಬರು ಆಡುತ್ತಿದ್ದರೆ ಈ ಮಿತಿಗೆ 0.5 ಸೇರುತ್ತದೆ. ಆದ್ದರಿಂದ ಅತಿ ಹೆಚ್ಚು ವೈಕಲ್ಯವುಳ್ಳವರೂ ತಂಡಕ್ಕೆ ಅನಿವಾರ್ಯರಾಗುತ್ತಾರೆ.

2. ತೀರ್ಪುಗಾರರ ಹೊಣೆ

ಪಂದ್ಯವನ್ನು ಇಬ್ಬರು ತೀರ್ಪುಗಾರರು ನಡೆಸುತ್ತಾರೆ. ಕುರ್ಚಿಗೆ ಕುರ್ಚಿ ಡಿಕ್ಕಿ ಹೊಡೆಯುವುದು ಆಟದ ಭಾಗ. ಆದರೆ ಎದುರಾಳಿಯ ದೊಡ್ಡ ಚಕ್ರದ ಅಚ್ಚಿನ ಹಿಂಬದಿಗೆ ಹೊಡೆದು ಕುರ್ಚಿಯನ್ನು ಗಿರ್ರನೆ ತಿರುಗಿಸುವುದು ತಪ್ಪು. ಚೆಂಡು ಹಿಡಿದವರು 10 ಸೆಕೆಂಡುಗಳೊಳಗೆ ಅದನ್ನು ಪುಟಿಸಬೇಕು ಅಥವಾ ಸಹ ಆಟಗಾರರಿಗೆ ದಾಟಿಸಬೇಕು. 12 ಸೆಕೆಂಡುಗಳಲ್ಲಿ ತಂಡವು ಚೆಂಡನ್ನು ಮಧ್ಯರೇಖೆ ದಾಟಿಸಬೇಕು. 40 ಸೆಕೆಂಡುಗಳೊಳಗೆ ಗೋಲು ಗಳಿಸಬೇಕು. ರಕ್ಷಣೆಯಲ್ಲಿರುವವರ ತಪ್ಪಿಗೆ 1 ನಿಮಿಷದ ದಂಡನೆಯುಂಟು. ಸೀಟಿ ತಡವಾದರೆ ಆಟಗಾರರು ಗಾಯಗೊಳ್ಳುವ ಸಂಭವವಿದೆ. ಅನವಶ್ಯಕವಾಗಿ ಊದಿದರೆ ಅವರ ಶ್ರಮಕ್ಕೆ ಅನ್ಯಾಯವಾಗುತ್ತದೆ.

3. ಅರ್ಹತೆಯ ಹಂತಗಳು

ತೀರ್ಪುಗಾರರಾಗಲು ಸ್ವತಃ ಆಟಗಾರರಾಗಿರಬೇಕೆಂದಿಲ್ಲ. ತರಬೇತಿಯು ಸಾಮಾನ್ಯವಾಗಿ ಈ ಕ್ರಮದಲ್ಲಿ ಸಾಗುತ್ತದೆ:

ಅ) ನಿಯಮಾವಳಿಯ ಅಧ್ಯಯನ.
ಆ) ಮೇಜಿನ ಬಳಿ ಕುಳಿತು ಸಮಯ, ಗೋಲು ಹಾಗೂ ದಂಡನೆಯ ಅವಧಿ ದಾಖಲಿಸುವ ಅಭ್ಯಾಸ.
ಇ) ತರಬೇತಿ ಶಿಬಿರ ಮತ್ತು ಲಿಖಿತ ಪರೀಕ್ಷೆ.
ಈ) ಹಿರಿಯ ತೀರ್ಪುಗಾರರ ಸಮ್ಮುಖದಲ್ಲಿ ಪಂದ್ಯ ನಡೆಸಿ ಮೌಲ್ಯಮಾಪನಕ್ಕೆ ಒಳಪಡುವುದು.

ಸ್ಥಳೀಯ ಪಂದ್ಯಗಳ ಅನುಭವ ಪಡೆದ ನಂತರವೇ ರಾಷ್ಟ್ರೀಯ ಹಾಗೂ ಅಂತಾರಾಷ್ಟ್ರೀಯ ಹಂತಗಳಿಗೆ ಏರಬಹುದು. ಅರ್ಹತೆ ಪಡೆದ ಬಳಿಕವೂ ನಿಯಮಗಳ ಬದಲಾವಣೆಯನ್ನು ಅರಿತುಕೊಳ್ಳುತ್ತಿರಬೇಕು.

4. ನಮ್ಮ ಕರ್ತವ್ಯ

ವಿಕಲಚೇತನರ ಹಕ್ಕುಗಳ ಅಧಿನಿಯಮ, 2016ರ 30ನೇ ಪ್ರಕರಣವು ಕ್ರೀಡಾ ಚಟುವಟಿಕೆಗಳಲ್ಲಿ ವಿಕಲಚೇತನರ ಪರಿಣಾಮಕಾರಿ ಭಾಗವಹಿಸುವಿಕೆಗೆ ಕ್ರಮ ಕೈಗೊಳ್ಳಬೇಕೆಂದು ವಿಧಿಸುತ್ತದೆ. ಪ್ರತಿ ಗ್ರಾಮದಲ್ಲಿ ಈ ಆಟದ ತಂಡ ಕಟ್ಟುವುದು ಕಷ್ಟಸಾಧ್ಯ. ಆದರೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರ ಮೂಲಕ ಆಸಕ್ತ ವಿಕಲಚೇತನರನ್ನೂ, ತೀರ್ಪುಗಾರಿಕೆ ಕಲಿಯಬಯಸುವ ದೈಹಿಕ ಶಿಕ್ಷಕರು ಹಾಗೂ ಯುವಜನರನ್ನೂ ಗುರುತಿಸುವುದು ಸಾಧ್ಯ. ಆಟದ ಮೈದಾನಕ್ಕೆ ಇಳಿಜಾರು ದಾರಿ ಮತ್ತು ಬಳಸಲು ಯೋಗ್ಯವಾದ ಶೌಚಾಲಯ ಒದಗಿಸುವುದನ್ನು, ಜಾರಿಯಲ್ಲಿರುವ ಮಾರ್ಗಸೂಚಿಗೆ ಒಳಪಟ್ಟು, ಕ್ರಿಯಾ ಯೋಜನೆ ರೂಪಿಸುವಾಗ ಪರಿಗಣಿಸತಕ್ಕದ್ದು.

ಸಮಾನತೆಯೆಂದರೆ ಎಲ್ಲರಿಗೂ ಒಂದೇ ಅಳತೆಯಲ್ಲ. ಪ್ರತಿಯೊಬ್ಬರಿಗೂ ತಕ್ಕ ಸ್ಥಾನ ದೊರಕಿಸುವ ನಿಯಮ. ಆ ನಿಯಮವನ್ನು ಕಾಯುವುದು ಅಂಕಣದಲ್ಲಿ ತೀರ್ಪುಗಾರರ ಕೆಲಸ, ಗ್ರಾಮದಲ್ಲಿ ನಮ್ಮ ಕೆಲಸ.

ಚರ್ಚೆಗೆ ಪ್ರಶ್ನೆಗಳು

1. 3.0, 2.5, 2.0, 1.0 ವರ್ಗಾಂಕಗಳ ನಾಲ್ವರು ಪುರುಷರು ಒಟ್ಟಿಗೆ ಆಡಬಹುದೇ? ಅವರಲ್ಲಿ ಒಬ್ಬರು ಮಹಿಳೆಯಾಗಿದ್ದರೆ?
2. ನಮ್ಮ ಮೈದಾನಕ್ಕೆ ಗಾಲಿಕುರ್ಚಿಯಲ್ಲಿ ಒಬ್ಬರೇ ಬರಲು ಸಾಧ್ಯವೇ? ಅಡ್ಡಿಗಳೇನು?
3. ಮನೆಯಿಂದ ಹೊರಬಾರದ ವಿಕಲಚೇತನರು ನಮ್ಮ ವಾರ್ಡಿನಲ್ಲಿ ಎಷ್ಟು ಮಂದಿ ಇದ್ದಾರೆ? ಅವರನ್ನು ಕಡೆಯದಾಗಿ ಭೇಟಿಯಾದದ್ದು ಯಾವಾಗ?