ಸೌಮ್ಯ ಪತ್ತೇದಾರಿ ಕಥನದಲ್ಲಿ ಗ್ರಂಥಾಲಯ ಸಹಾಯಕಿ: ಕೊಪ್ಪಳ ಸೀಮೆಯ ಹಿನ್ನೆಲೆಯಲ್ಲಿ ಕೆಲವು ವಿಚಾರಗಳು

1. ಪ್ರವೇಶ

ಕನ್ನಡದಲ್ಲಿ ಅತಿ ಹೆಚ್ಚು ಓದಿಸಿಕೊಂಡ ಹಾಗೂ ಅತಿ ಕಡಿಮೆ ಚರ್ಚೆಗೊಳಗಾದ ಸಾಹಿತ್ಯ ಪ್ರಕಾರಗಳಲ್ಲಿ ಪತ್ತೇದಾರಿ ಕಾದಂಬರಿಯೂ ಒಂದು. ಜನಪ್ರಿಯ ಸಾಹಿತ್ಯವೆಂಬ ಹಣೆಪಟ್ಟಿಯೊಡನೆ ಅದನ್ನು ಮುಖ್ಯಧಾರೆಯಿಂದ ಹೊರಗಿಟ್ಟ ನಮ್ಮ ವಿಮರ್ಶೆಯು, ಆ ಪ್ರಕಾರದೊಳಗಿನ ಭೇದೋಪಭೇದಗಳನ್ನೂ ಗುರುತಿಸುವ ಗೋಜಿಗೆ ಹೋಗಲಿಲ್ಲ. ಪ್ರಸ್ತುತ ಲೇಖನವು ಅಂತಹ ಒಂದು ಭೇದವನ್ನು, ಅಂದರೆ ಸೌಮ್ಯ ಪತ್ತೇದಾರಿ ಕಥನವನ್ನು, ಮತ್ತು ಅದರಲ್ಲಿ ಶೋಧಕಿಯಾಗಿ ಕಾಣಿಸಿಕೊಳ್ಳುವ ಗ್ರಂಥಾಲಯ ಸಹಾಯಕಿಯ ಪಾತ್ರವನ್ನು ಪರಿಶೀಲಿಸುತ್ತದೆ. ಕೊಪ್ಪಳ, ಗಂಗಾವತಿ, ಕುಷ್ಟಗಿ ಹಾಗೂ ಯಲಬುರ್ಗಾ ಪರಿಸರದಲ್ಲಿ ಈ ಪಾತ್ರವನ್ನು ಇಟ್ಟು ನೋಡಿದಾಗ ಏಳುವ ಪ್ರಶ್ನೆಗಳು ಯಾವುವು, ಅವು ಕನ್ನಡ ಸಂಶೋಧಕರಿಗೆ ಏಕೆ ಮುಖ್ಯ ಎಂಬುದು ಇಲ್ಲಿನ ಚರ್ಚೆಯ ವಸ್ತು.

ಸೌಮ್ಯ ಪತ್ತೇದಾರಿ ಕಥನವೆಂದರೆ ಕೊಲೆಯಿದ್ದೂ ಕ್ರೌರ್ಯದ ವರ್ಣನೆಯಿಲ್ಲದ ಕಥನ. ಸಣ್ಣ ಊರು, ಪರಸ್ಪರ ಬಲ್ಲ ಜನ, ಪೊಲೀಸ್ ಇಲಾಖೆಗೆ ಸೇರದ ಶೋಧಕ ವ್ಯಕ್ತಿ, ಮಾತುಕತೆ ಮತ್ತು ಸೂಕ್ಷ್ಮ ಅವಲೋಕನಗಳಿಂದ ಬಿಡಿಸಿಕೊಳ್ಳುವ ಒಗಟು ಇವು ಅದರ ಲಕ್ಷಣಗಳು. ಅಗಾಥಾ ಕ್ರಿಸ್ಟಿಯವರ ಮಿಸ್ ಮಾರ್ಪಲ್ 1930ರಲ್ಲಿ ಪ್ರಕಟವಾದ ‘ದ ಮರ್ಡರ್ ಅಟ್ ದ ವಿಕಾರೇಜ್’ ಕಾದಂಬರಿಯಿಂದ ಈ ಮಾದರಿಗೆ ಗಟ್ಟಿ ನೆಲೆ ಒದಗಿಸಿದಳು. ಅವರದೇ ‘ದ ಬಾಡಿ ಇನ್ ದ ಲೈಬ್ರರಿ’ (1942) ಕಾದಂಬರಿಯಲ್ಲಿ ಗ್ರಂಥಾಲಯವು ಶವ ಸಿಕ್ಕ ಕೋಣೆ ಮಾತ್ರ. ಸಿರಿವಂತರ ಮನೆಯ ಒಂದು ಅಲಂಕಾರ. ಅಮೆರಿಕದ ಚಾರ್ಲೇನ್ ಹ್ಯಾರಿಸ್ ಅವರು 1990ರಲ್ಲಿ ಆರಂಭಿಸಿದ ಅರೋರಾ ಟೀಗಾರ್ಡನ್ ಮಾಲೆಯಲ್ಲಿ ಸಣ್ಣ ಊರಿನ ಸಾರ್ವಜನಿಕ ಗ್ರಂಥಾಲಯದ ಉದ್ಯೋಗಿಯೇ ಶೋಧಕಿಯಾಗುತ್ತಾಳೆ. ಗ್ರಂಥಾಲಯವು ಘಟನೆಯ ಸ್ಥಳವಾಗಿರುವುದಕ್ಕೂ, ಅಲ್ಲಿ ದುಡಿಯುವವಳೇ ಅರಿವಿನ ಕೇಂದ್ರವಾಗುವುದಕ್ಕೂ ಇರುವ ಅಂತರ ಗಮನಾರ್ಹ.

2. ಹೊರಗಿನಿಂದ ಬರುವ ಪತ್ತೇದಾರ

ಕನ್ನಡದಲ್ಲಿ ಪತ್ತೇದಾರಿ ಬರವಣಿಗೆಯ ಬೇರುಗಳು ಹೊಸಗನ್ನಡ ಗದ್ಯದ ಆರಂಭ ಕಾಲದಷ್ಟು ಹಿಂದಕ್ಕೆ ಹೋಗುತ್ತವೆ. ಎಂ. ವೆಂಕಟಕೃಷ್ಣಯ್ಯನವರ (1844-1933) ‘ಚೋರಗ್ರಹಣ ತಂತ್ರ’ದ ಶೀರ್ಷಿಕೆಯೇ ಆ ಕಾಲದ ಕುತೂಹಲವನ್ನು ಸೂಚಿಸುತ್ತದೆ. ಮುಂದೆ ಈ ಪ್ರಕಾರಕ್ಕೆ ವಿಶಾಲವಾದ ಓದುಗ ಸಮುದಾಯವನ್ನು ದೊರಕಿಸಿಕೊಟ್ಟವರು ಎನ್. ನರಸಿಂಹಯ್ಯನವರು (1925-2011). ಅಲ್ಪ ಶಾಲಾ ಶಿಕ್ಷಣ ಪಡೆದಿದ್ದ ಅವರು ಬರೆದ ಕಾದಂಬರಿಗಳ ಸಂಖ್ಯೆ 500ಕ್ಕೂ ಮಿಕ್ಕಿದ್ದು, ಅವರ ‘ಪತ್ತೇದಾರ ಪುರುಷೋತ್ತಮ’ ಒಂದು ತಲೆಮಾರಿನ ಓದುಗರ ಮನೆಮಾತಾಗಿದ್ದ. ಓದುವ ಅಭ್ಯಾಸವನ್ನೇ ಹುಟ್ಟುಹಾಕಿದ ಈ ಸಾಹಿತ್ಯದ ಋಣವನ್ನು ಕನ್ನಡದ ಗಂಭೀರ ಸಾಹಿತ್ಯವು ಇನ್ನೂ ಸಂದಾಯ ಮಾಡಿಲ್ಲವೆಂದರೆ ತಪ್ಪಾಗಲಾರದು.

ಈ ಧಾರೆಯ ಪ್ರಧಾನ ಮಾದರಿಯಲ್ಲಿ ಪತ್ತೇದಾರನು ಪುರುಷ. ಅವನು ಅಪರಾಧ ನಡೆದಲ್ಲಿಗೆ ಹೊರಗಿನಿಂದ ಬರುತ್ತಾನೆ. ಅವನ ಜಾಣ್ಮೆ ಆ ಸ್ಥಳದ ಬದುಕಿನಿಂದ ಹುಟ್ಟಿದ್ದಲ್ಲ. ಊರಿನವರು ಅವನಿಗೆ ಒಂದೋ ಸಾಕ್ಷಿಗಳು, ಇಲ್ಲವೇ ಶಂಕಿತರು. ಬಂಗಾಳಿಯಲ್ಲಿ ಶರದಿಂದು ಬಂದ್ಯೋಪಾಧ್ಯಾಯರು 1932ರಲ್ಲಿ ಸೃಷ್ಟಿಸಿದ ಬ್ಯೋಮಕೇಶ ಬಕ್ಷಿ ತನ್ನನ್ನು ‘ಸತ್ಯಾನ್ವೇಷಿ’ ಎಂದು ಕರೆದುಕೊಂಡರೂ ಅನೇಕ ಪ್ರಕರಣಗಳಲ್ಲಿ ಅವನೂ ಹೊರಗಿನವನೇ.

ಈ ಮಾದರಿಯ ಮಿತಿಯನ್ನು ಕನ್ನಡದಲ್ಲಿ ಸೃಜನಾತ್ಮಕವಾಗಿ ಬಯಲಿಗೆ ತಂದ ಕೃತಿ ಕೆ.ಪಿ. ಪೂರ್ಣಚಂದ್ರ ತೇಜಸ್ವಿಯವರ ‘ಚಿದಂಬರ ರಹಸ್ಯ’ (1985). ಏಲಕ್ಕಿ ಬೆಳೆಯ ಕುಸಿತ ಹಾಗೂ ವಿಜ್ಞಾನಿಯೊಬ್ಬನ ಸಾವಿನ ಜಾಡು ಹಿಡಿದು ಕೆಸರೂರಿಗೆ ಬರುವ ಅಧಿಕಾರಿ ಅಂಗಡಿಯ ತನಿಖೆಯು ಪತ್ತೇದಾರಿ ಕಾದಂಬರಿಯ ಹಾದಿಯಲ್ಲೇ ಸಾಗುತ್ತದೆ. ಆದರೆ ಊರಿನ ಜಾತಿ, ಧರ್ಮ, ಭೂಮಿ, ಕಾಡುಗಳ ಸಂಬಂಧಗಳು ಒಂದೇ ಉತ್ತರಕ್ಕೆ ಎಟುಕುವುದಿಲ್ಲ. ಕಾದಂಬರಿಯ ಕೊನೆಯ ಕಾಳ್ಗಿಚ್ಚು ಅಪರಾಧಿಯನ್ನು ಹೆಸರಿಸುವ ಸಮಾಧಾನವನ್ನೇ ನಿರಾಕರಿಸುತ್ತದೆ. ಹೊರಗಿನಿಂದ ಬಂದ ಅರಿವು ಊರನ್ನು ಬಿಡಿಸಲಾರದು ಎಂಬ ಈ ಒಳನೋಟವನ್ನು ಒಪ್ಪಿದರೆ, ಒಳಗಿನಿಂದಲೇ ಶೋಧಿಸುವ ವ್ಯಕ್ತಿ ಯಾರು ಎಂಬುದು ಮುಂದಿನ ಪ್ರಶ್ನೆ. ಗ್ರಂಥಾಲಯ ಸಹಾಯಕಿಯ ಪಾತ್ರ ಪ್ರಸ್ತುತವಾಗುವುದು ಇಲ್ಲಿ.

3. ಮುಚ್ಚಿದ ಊರು, ತೆರೆದ ಸೀಮೆ

ಸೌಮ್ಯ ಪತ್ತೇದಾರಿ ಕಥನಕ್ಕೆ ಮುಚ್ಚಿದ ಸಮುದಾಯ ಅಗತ್ಯವೆಂಬುದು ರೂಢಿಯ ಗ್ರಹಿಕೆ. ಮಿಸ್ ಮಾರ್ಪಲ್‌ಳ ಸೇಂಟ್ ಮೇರಿ ಮೀಡ್ ಅಂತಹ ಹಳ್ಳಿ. ಅಲ್ಲಿನವರನ್ನು ಬಲ್ಲವಳಿಗೆ ಮನುಷ್ಯ ಸ್ವಭಾವವೆಲ್ಲ ತಿಳಿದಂತೆ. ಕೊಪ್ಪಳ ಸೀಮೆಗೆ ಈ ಗ್ರಹಿಕೆ ನೇರವಾಗಿ ಹೊಂದುವುದಿಲ್ಲ. ಈ ಭಾಗವು 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದು, 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿತು; 1997ರಲ್ಲಿ ರಾಯಚೂರಿನಿಂದ ಬೇರ್ಪಟ್ಟು ಜಿಲ್ಲೆಯಾಯಿತು. ಕನ್ನಡ, ಉರ್ದು, ತೆಲುಗುಗಳು ಇಲ್ಲಿ ಬಹುಕಾಲದಿಂದ ಬಳಕೆಯಲ್ಲಿವೆ. 1953ರಿಂದ ತುಂಗಭದ್ರೆಯ ಎಡದಂಡೆ ಕಾಲುವೆಯಲ್ಲಿ ನೀರು ಹರಿಯತೊಡಗಿದ ಮೇಲೆ ಗಂಗಾವತಿ ಭಾಗ ಭತ್ತದ ನಾಡಾಯಿತು. ಆಂಧ್ರದ ಕರಾವಳಿಯಿಂದ ಬಂದ ರೈತರ ಕ್ಯಾಂಪುಗಳು ತಲೆಯೆತ್ತಿದವು. ಇತ್ತ ಕುಷ್ಟಗಿ, ಯಲಬುರ್ಗಾಗಳ ಒಣಭೂಮಿಯಿಂದ ಮಳೆ ಕೈಕೊಟ್ಟ ವರ್ಷಗಳಲ್ಲಿ ಜನ ದೂರದ ಊರುಗಳಿಗೆ ಗುಳೆ ಹೋಗುತ್ತಾರೆ. ಒಂದೆಡೆ ಬಂದು ನೆಲೆಸಿದವರು, ಇನ್ನೊಂದೆಡೆ ಬಿಟ್ಟು ಹೋದವರು. ಹೀಗೆ ಬಂದುಹೋಗುವವರ ಊರಿನಲ್ಲಿ ‘ಎಲ್ಲರೂ ಎಲ್ಲರನ್ನೂ ಬಲ್ಲರು’ ಎಂಬ ಮಾತು ಅರ್ಧಸತ್ಯವಷ್ಟೇ.

ಆದ್ದರಿಂದ ಈ ಸೀಮೆಯಲ್ಲಿ ಸೌಮ್ಯ ಕಥನವು ಇಂಗ್ಲಿಷ್ ಹಳ್ಳಿಯ ಅನುಕರಣೆಯಾಗಲಾರದು. ಇಲ್ಲಿ ಭಿನ್ನ ಜಾತಿ, ಭಾಷೆ, ವೃತ್ತಿಗಳ ಜನ ತಮ್ಮ ಗುರುತಿನೊಡನೆ ಬಂದು ಒಂದೇ ಮೇಜಿನ ಮುಂದೆ ನಿಲ್ಲಬಹುದಾದ ಕೆಲವೇ ಸಾರ್ವಜನಿಕ ತಾಣಗಳಲ್ಲಿ ಗ್ರಂಥಾಲಯವೂ ಒಂದು. ಈ ಭಾಗಕ್ಕೆ 1955ರ ಹೈದರಾಬಾದ್ ಸಾರ್ವಜನಿಕ ಗ್ರಂಥಾಲಯ ಕಾಯಿದೆಯೂ, ಆನಂತರ ಮೈಸೂರು ರಾಜ್ಯದ 1965ರ ಕಾಯಿದೆಯೂ ಅನ್ವಯವಾದವು. 2019ರಲ್ಲಿ ಗ್ರಾಮ ಪಂಚಾಯತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ವರ್ಗವಾದವು. ಪತ್ರಿಕೆ ಓದಲು ಬರುವ ನಿವೃತ್ತರು, ಸ್ಪರ್ಧಾತ್ಮಕ ಪರೀಕ್ಷೆಗೆ ಸಿದ್ಧರಾಗುವ ಯುವಕ ಯುವತಿಯರು, ಬಿಸಿಲಿಗೆ ನೆರಳು ಬಯಸಿ ಬಂದವರು, ಇವರೆಲ್ಲರನ್ನೂ ಜಾತಿಯ ಮೂಲಕವಲ್ಲದೆ ಓದಿನ ಮೂಲಕ ಬಲ್ಲವಳು ಸಹಾಯಕಿ. ಅವಳ ಹುದ್ದೆ ಕಿರಿದು. ಆ ಕಿರಿತನವೇ ಅವಳ ಅನುಕೂಲ. ಅಧಿಕಾರಿಯ ಎದುರು ಮಾತು ನುಂಗುವವರು ಅವಳೆದುರು ಸಹಜವಾಗಿ ಮಾತನಾಡುತ್ತಾರೆ.

4. ವಹಿಯೆಂಬ ಸಾಕ್ಷ್ಯ ಮತ್ತು ಅದರ ನೈತಿಕತೆ

ಗ್ರಂಥಾಲಯ ಸಹಾಯಕಿಯ ಶೋಧನೆಗೆ ಆಧಾರಗಳು ಮೂರು: ಪುಸ್ತಕ ಸೇರಿದ ದಿನ ಹಾಗೂ ಮೂಲವನ್ನು ತಿಳಿಸುವ ಪರಿಗ್ರಹಣ ವಹಿ, ಓದುಗರ ಹೆಸರುಳ್ಳ ಎರವಲು ವಹಿ, ಪುಸ್ತಕದ ಕೊನೆಗೆ ಅಂಟಿಸಿದ ದಿನಾಂಕದ ಚೀಟಿ. ಈ ಮೂರನ್ನು ಹೋಲಿಸಿದಾಗ ಒಂದು ಪುಸ್ತಕದ ಸಂಚಾರದ ಇತಿಹಾಸ ತೆರೆದುಕೊಳ್ಳುತ್ತದೆ. ಚೀಟಿಯಲ್ಲಿ ಮುದ್ರೆಯಿದ್ದು ವಹಿಯಲ್ಲಿ ದಾಖಲೆಯಿಲ್ಲದಿದ್ದರೆ ಅದೊಂದು ಸುಳಿವು; ಬಹುಕಾಲ ಯಾರೂ ಮುಟ್ಟದ ಪುಸ್ತಕದ ಮೇಲೆ ಧೂಳಿಲ್ಲದಿದ್ದರೆ ಅದು ಇನ್ನೊಂದು.

ಆದರೆ ದಾಖಲೆಯನ್ನು ಓದುವುದಕ್ಕೆ ಪರಿಸರದ ಜ್ಞಾನ ಬೇಕು. ಪುಸ್ತಕ ಮರಳಿಸದವನನ್ನು ಹೊರಗಿನ ಪತ್ತೇದಾರ ತಲೆಮರೆಸಿಕೊಂಡವನೆಂದು ಶಂಕಿಸಬಹುದು. ಕುಷ್ಟಗಿಯ ಸಹಾಯಕಿಗೆ ಅವನ ಕುಟುಂಬ ಗುಳೆ ಹೋಗಿರುವುದು ಹೊಳೆಯುತ್ತದೆ. ವಹಿಯಲ್ಲಿ ತಮ್ಮನ ಹೆಸರಿದ್ದರೂ ಕಾದಂಬರಿ ಓದುವವಳು ಮನೆಯೊಳಗಿನ ಅಕ್ಕನಾಗಿರಬಹುದು. ಹೆಸರು ಮತ್ತು ಓದುಗರ ನಡುವಿನ ಈ ಅಂತರವನ್ನು ಬಲ್ಲವರಿಗೆ ಮಾತ್ರ ವಹಿ ಸತ್ಯ ನುಡಿಯುತ್ತದೆ. ಇಟಲಿಯ ಇತಿಹಾಸಕಾರ ಕಾರ್ಲೊ ಗಿಂಜ್‌ಬರ್ಗ್ 1979ರಲ್ಲಿ ಪ್ರಕಟಿಸಿದ ಪ್ರಸಿದ್ಧ ಪ್ರಬಂಧದಲ್ಲಿ ಪತ್ತೇದಾರ, ವೈದ್ಯ ಹಾಗೂ ಕಲಾತಜ್ಞರು ಕ್ಷುಲ್ಲಕವೆನಿಸುವ ಕುರುಹುಗಳಿಂದ ನಿರ್ಣಯಕ್ಕೆ ಬರುವ ಸಮಾನ ಕ್ರಮವನ್ನು ಚರ್ಚಿಸಿರುವುದು ಇಲ್ಲಿ ಸ್ಮರಣೀಯ.

ಇಲ್ಲೊಂದು ನೈತಿಕ ಬಿಕ್ಕಟ್ಟೂ ಇದೆ. ಯಾರು ಏನು ಓದಿದರೆಂಬುದು ಓದುಗರು ಗ್ರಂಥಾಲಯದ ಮೇಲಿಟ್ಟ ವಿಶ್ವಾಸ. ಅಮೆರಿಕನ್ ಗ್ರಂಥಾಲಯ ಸಂಘವು 1939ರಲ್ಲೇ ತನ್ನ ನೀತಿಸಂಹಿತೆಯಲ್ಲಿ ಓದುಗರ ಖಾಸಗಿ ಮಾಹಿತಿಯನ್ನು ಗೋಪ್ಯವಾಗಿಡುವ ಹೊಣೆಯನ್ನು ಒತ್ತಿ ಹೇಳಿತು. ವಿಷಶಾಸ್ತ್ರದ ಪುಸ್ತಕ ಎರವಲು ಪಡೆದವರೆಲ್ಲ ಕೊಲೆಗಾರರಲ್ಲ. ಅಂತರ್ಜಾತಿ ವಿವಾಹದ ಕಾನೂನು ಓದಿದ ಹುಡುಗಿಯ ಹೆಸರು ಸಣ್ಣ ಊರಿನಲ್ಲಿ ಹೊರಬಿದ್ದರೆ ಅದೇ ಮತ್ತೊಂದು ಅಪಾಯಕ್ಕೆ ದಾರಿ. ಕೊಲೆಯನ್ನು ಬಯಲಿಗೆಳೆಯಲು ವಹಿಯನ್ನು ತೆರೆಯಬೇಕೆ, ಓದುಗರನ್ನು ಕಾಪಾಡಲು ಮುಚ್ಚಿಡಬೇಕೆ ಎಂಬ ಸಂದಿಗ್ಧವು ಸಹಾಯಕಿಯ ಪಾತ್ರಕ್ಕೆ ಘನತೆ ತರುತ್ತದೆ. ಕಥನ ‘ಸೌಮ್ಯ’ವಾಗುವುದು ರಕ್ತದ ವರ್ಣನೆ ಇಲ್ಲದ್ದರಿಂದಲ್ಲ, ತಿಳಿದದ್ದನ್ನೆಲ್ಲ ಹೇಳಿಬಿಡದ ಈ ಸಂಯಮದಿಂದ.

5. ಸಂಶೋಧನೆಗೆ ಇರುವ ಪಾಠ

ಸುಳಿವುಗಳನ್ನು ಕೂಡಿಸಿ ಓದುವ ವಿದ್ಯೆ ಈ ಸೀಮೆಗೆ ಹೊಸದಲ್ಲ. ‘ಕವಿರಾಜಮಾರ್ಗ’ವು ಕನ್ನಡದ ತಿರುಳ ನಾಡನ್ನು ಗುರುತಿಸುವಾಗ ಹೆಸರಿಸುವ ಕೊಪಣ ನಗರವೇ ಇಂದಿನ ಕೊಪ್ಪಳವೆಂಬ ನಿರ್ಣಯಕ್ಕೆ ಕಾವ್ಯ, ಶಾಸನ, ಸ್ಥಳನಾಮಗಳ ಹೋಲಿಕೆಯೇ ದಾರಿ. 1931ರಲ್ಲಿ ಬೆಳಕಿಗೆ ಬಂದ ಗವಿಮಠ ಹಾಗೂ ಪಾಲ್ಕಿಗುಂಡುಗಳ ಅಶೋಕನ ಶಾಸನಗಳನ್ನು ಆರ್.ಎಲ್. ಟರ್ನರ್ ಸಂಪಾದಿಸಿದರು, ಕೊಪ್ಪಳದ ಕನ್ನಡ ಶಾಸನಗಳನ್ನು ಸಿ.ಆರ್. ಕೃಷ್ಣಮಾಚಾರ್ಲು 1935ರಲ್ಲಿ ಪ್ರಕಟಿಸಿದರು. ಬಂಡೆಯ ಮೇಲಿನ ಬರಹ ಎರಡು ಸಾವಿರ ವರ್ಷ ಉಳಿದೀತು. ಅಗ್ಗದ ಕಾಗದದ ಮೇಲೆ ಅಚ್ಚಾದ ಪತ್ತೇದಾರಿ ಕಾದಂಬರಿ ಐವತ್ತು ವರ್ಷ ಉಳಿಯುವುದೂ ಕಷ್ಟ.

ಇದೇ ನಮ್ಮ ಮುಂದಿರುವ ನಿಜವಾದ ಸಮಸ್ಯೆ. ದಿನದ ಬಾಡಿಗೆಗೆ ಪುಸ್ತಕ ಕೊಡುತ್ತಿದ್ದ ಖಾಸಗಿ ವಾಚನಾಲಯಗಳು ಬಹುಮಟ್ಟಿಗೆ ಮುಚ್ಚಿಹೋಗಿವೆ. ಸಾರ್ವಜನಿಕ ಗ್ರಂಥಾಲಯಗಳಲ್ಲಿ ಹರಿದ ಪ್ರತಿಗಳು ರದ್ದಿಯ ಪಟ್ಟಿಗೆ ಸೇರುತ್ತವೆ. ಅವುಗಳೊಡನೆ ದಿನಾಂಕದ ಚೀಟಿ, ಓದುಗರ ಅಂಚುಟಿಪ್ಪಣಿಗಳೂ ಅಳಿಯುತ್ತವೆ. ಕೃತಿಯ ಪಠ್ಯವನ್ನು ಮರುಮುದ್ರಣದಿಂದ ಉಳಿಸಬಹುದು, ಆದರೆ ಅದನ್ನು ಯಾರು, ಯಾವಾಗ, ಎಷ್ಟು ಸಲ ಓದಿದರೆಂಬ ಸಾಕ್ಷ್ಯ ಮರುಮುದ್ರಣಗೊಳ್ಳುವುದಿಲ್ಲ. ಓದುಗರ ಇತಿಹಾಸವಿಲ್ಲದೆ ಜನಪ್ರಿಯ ಸಾಹಿತ್ಯದ ಇತಿಹಾಸವನ್ನು ಬರೆಯುವುದೆಂದರೆ ಸಾಕ್ಷಿಗಳನ್ನೇ ಕರೆಯದೆ ತೀರ್ಪು ಕೊಟ್ಟಂತೆ.

ಈ ಹಿನ್ನೆಲೆಯಲ್ಲಿ ಕನ್ನಡ ಅಧ್ಯಯನ ವಿಭಾಗಗಳು ಕೈಗೊಳ್ಳಬಹುದಾದ ಕೆಲಸಗಳು ಸ್ಪಷ್ಟ. ತಾಲ್ಲೂಕು ಮಟ್ಟದ ಗ್ರಂಥಾಲಯಗಳು ಪುಸ್ತಕಗಳನ್ನು ವಿಲೇವಾರಿ ಮಾಡುವ ಮುನ್ನ ಪತ್ತೇದಾರಿ ಕೃತಿಗಳ ಸೂಚಿಯನ್ನು ಸಿದ್ಧಪಡಿಸುವುದು. ಪರಿಗ್ರಹಣ ವಹಿಗಳನ್ನು ಗಣಕೀಕರಿಸುವುದು. ಎರವಲು ವಹಿಗಳಲ್ಲಿನ ಹೆಸರುಗಳನ್ನು ಮರೆಮಾಡಿ ಓದಿನ ವಿನ್ಯಾಸಗಳನ್ನಷ್ಟೇ ಅಧ್ಯಯನಕ್ಕೆ ಒದಗಿಸುವುದು. ಹಳೆಯ ಗ್ರಂಥಾಲಯ ಸಿಬ್ಬಂದಿಯ ನೆನಪುಗಳನ್ನು ಧ್ವನಿಮುದ್ರಿಸುವುದು. ಇವು ಸ್ನಾತಕೋತ್ತರ ವಿದ್ಯಾರ್ಥಿಗಳ ಕಿರುಪ್ರಬಂಧಗಳ ಮಿತಿಯಲ್ಲೇ ಸಾಧ್ಯವಾಗುವಂಥವು.

ಒಟ್ಟಾರೆ, ಗ್ರಂಥಾಲಯ ಸಹಾಯಕಿಯನ್ನು ಶೋಧಕಿಯಾಗಿ ಕಲ್ಪಿಸುವುದೆಂದರೆ ಅರಿವಿನ ಯಜಮಾನಿಕೆಯನ್ನು ಹೊರಗಿನವನಿಂದ ಒಳಗಿನವಳಿಗೆ, ಅಧಿಕಾರದಿಂದ ಆರೈಕೆಗೆ ವರ್ಗಾಯಿಸುವುದು. ಕೊಪ್ಪಳ ಸೀಮೆಯಲ್ಲಿ ಅಂತಹ ಕಾದಂಬರಿಗೆ ಬೇಕಾದ ಬದುಕು ಸಮೃದ್ಧವಾಗಿದೆ. ಅದನ್ನು ಬರೆಯುವುದು ಸೃಜನಶೀಲರ ಕೆಲಸ. ಅದಕ್ಕೆ ಹಿಂದಿನ ಪರಂಪರೆಯ ಕುರುಹುಗಳು ಅಳಿಯದಂತೆ ಕಾಯುವುದು ಸಂಶೋಧಕರದು.